ಉತ್ತರ ಸರಿ ಅಂತ ಹೇಗೆ ಗೊತ್ತಾಯಿತು?

ಇನ್‌ಫರ್ಮ್ಯಾಟಿಕ್ಸ್ ಪದವಿ ಮುಗಿಸಿ ಕೆಲಸಕ್ಕೆ ಬರುವವರನ್ನು ನಾನು ತಪ್ಪದೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಪ್ರೋಗ್ರಾಂ ಕೊಟ್ಟ ಉತ್ತರ ಸರಿ ಅಂತ ಹೇಗೆ ಗೊತ್ತಾಯಿತು? ರೆಸ್ಯೂಮೆಯಲ್ಲಿ ಆರೇಳು ಪ್ರೋಗ್ರಾಮಿಂಗ್ ಭಾಷೆಗಳ ಹೆಸರು ಬರೆದವರೂ ಇಲ್ಲಿ ತಡವರಿಸುತ್ತಾರೆ. "ರನ್ ಆಯ್ತು, ಎರರ್ ಬರಲಿಲ್ಲ" ಅನ್ನುತ್ತಾರೆ. ಆದರೆ ಎರರ್ ತೋರಿಸದೆ ತಪ್ಪು ಉತ್ತರ ಕೊಡುವ ಪ್ರೋಗ್ರಾಂನಿಂದಲೇ ಅಪಾಯ ಜಾಸ್ತಿ.

ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ. 0.30000000000000004 ಬರುತ್ತದೆ. 0.1 ಅನ್ನು ಬೈನರಿಯಲ್ಲಿ (ಕಂಪ್ಯೂಟರ್ ಬಳಸುವ 0 ಮತ್ತು 1ರ ಪದ್ಧತಿಯಲ್ಲಿ) ನಿಖರವಾಗಿ ಬರೆಯಲು ಆಗದಿರುವುದೇ ಇದಕ್ಕೆ ಕಾರಣ. ಇದು ಗೊತ್ತಿದ್ದವರು ಹಣದ ಲೆಕ್ಕಕ್ಕೆ ಫ್ಲೋಟ್ (ಹೀಗೆ ಅಂದಾಜಾಗಿ ಇಡುವ ದಶಮಾಂಶ ಸಂಖ್ಯೆ) ಮುಟ್ಟುವುದಿಲ್ಲ. ಮೊದಲ ವರ್ಷದಲ್ಲಿ ಬೇಸರದಿಂದ ಓದಿದ ಸಂಖ್ಯಾ ಪದ್ಧತಿಯ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅಲ್ಗಾರಿದಂ (ಸಮಸ್ಯೆ ಬಿಡಿಸುವ ಹಂತಹಂತದ ವಿಧಾನ) ಪಾಠವೂ ಹಾಗೆಯೇ. ತಲಾ 10 ಲಕ್ಷ ಹೆಸರುಗಳಿರುವ ಎರಡು ಪಟ್ಟಿಗಳಿವೆ, ಎರಡರಲ್ಲೂ ಇರುವ ಹೆಸರು ಬೇಕು ಅಂದುಕೊಳ್ಳಿ. ಲೂಪ್ ಒಳಗೆ ಲೂಪ್ ಹಾಕಿದರೆ, ಅಂದರೆ ಒಂದು ಪಟ್ಟಿಯ ಪ್ರತಿ ಹೆಸರನ್ನೂ ಇನ್ನೊಂದರ ಎಲ್ಲ ಹೆಸರುಗಳ ಜೊತೆ ಹೋಲಿಸಿದರೆ, 1 ಲಕ್ಷ ಕೋಟಿ ಹೋಲಿಕೆಗಳವರೆಗೆ ಹೋಗಬಹುದು. ಸೆಕೆಂಡಿಗೆ 10 ಕೋಟಿ ಹೋಲಿಕೆ ಆದರೂ ಎರಡೂವರೆ ಗಂಟೆ ದಾಟುತ್ತದೆ. ಒಂದು ಪಟ್ಟಿಯನ್ನು ಹ್ಯಾಶ್ ಟೇಬಲ್‌ಗೆ (ಬೇಕಾದ ಹೆಸರಿನ ಜಾಗಕ್ಕೆ ನೇರವಾಗಿ ಹೋಗುವ ವ್ಯವಸ್ಥೆಗೆ) ಹಾಕಿ ಇನ್ನೊಂದನ್ನು ಅದರಲ್ಲಿ ಹುಡುಕಿದರೆ ಕೆಲವೇ ಸೆಕೆಂಡು ಸಾಕು. ಹತ್ತು ಹೆಸರು ಹಾಕಿ ಪರೀಕ್ಷಿಸಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಹೊಸಬರಿಂದ ನಾನು ಬಯಸುವುದು ಈ ಅಂದಾಜನ್ನು. ಕೋಡ್ ಬರೆಯುವ ಮೊದಲೇ ಕಾಗದದ ಮೇಲೆ ಈ ಗುಣಾಕಾರ ಮಾಡಬೇಕು.

ಇನ್ನು ಬೇರೆಯವರ ಜೊತೆ ಕೆಲಸ ಮಾಡುವುದು. ಇದನ್ನು ಸುಮ್ನೆ "ಸಾಫ್ಟ್ ಸ್ಕಿಲ್" ಅಂತ ಬದಿಗೆ ಸರಿಸುವುದು ನನಗೆ ಒಪ್ಪಿಗೆಯಿಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ಬಾಹ್ಯಾಕಾಶ ನೌಕೆ ಮಂಗಳ ಗ್ರಹದ ಹತ್ತಿರ ನಾಶವಾಯಿತು. ನೆಲದ ಮೇಲಿದ್ದ ಒಂದು ಸಾಫ್ಟ್‌ವೇರ್ ನೌಕೆಯ ಎಂಜಿನ್ ತಳ್ಳುವಿಕೆಯ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು. ಅದನ್ನು ಬಳಸಿದ ಕಡೆ ನ್ಯೂಟನ್ ಲೆಕ್ಕ ಅಂದುಕೊಂಡಿದ್ದರು. ಎರಡಕ್ಕೂ ಸುಮಾರು 4.45 ಪಟ್ಟು ವ್ಯತ್ಯಾಸ. ನಿಮ್ಮ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಯಾವ ಅಳತೆಯಲ್ಲಿ ಉತ್ತರ ಕೊಡುತ್ತದೆ, ಖಾಲಿ ಇನ್‌ಪುಟ್ ಬಂದರೆ ಏನು ಮಾಡುತ್ತದೆ ಅಂತ ಎರಡು ಸಾಲು ಸ್ಪಷ್ಟವಾಗಿ ಬರೆಯುವುದು ತಾಂತ್ರಿಕ ಕೌಶಲವೇ. ಕಾಲೇಜಿನಲ್ಲಿ ಎಲ್ಲವನ್ನೂ ಹೊಸದಾಗಿ ಬರೆಯುತ್ತೀರಿ. ಕೆಲಸದಲ್ಲಿ ಹೆಚ್ಚಿನ ಹೊತ್ತು ಯಾರೋ ಬರೆದಿಟ್ಟ ಕೋಡ್ ಓದುವುದರಲ್ಲೇ ಹೋಗುತ್ತದೆ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಸಣ್ಣ ಸಣ್ಣ ಕಮಿಟ್ (ಬದಲಾವಣೆಯ ದಾಖಲೆ) ಮಾಡಿ, ಯಾಕೆ ಬದಲಿಸಿದೆ ಅಂತ ಬರೆಯುವವರ ಕೋಡ್ ಸಿಕ್ಕರೆ ಅದೃಷ್ಟ.

ಸುರಕ್ಷತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಳಕೆದಾರರು ಟೈಪ್ ಮಾಡಿದ್ದನ್ನು ನೇರವಾಗಿ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಸಾಲಿಗೆ ಅಂಟಿಸಬೇಡಿ, ಅದು ಆದೇಶವಾಗಿ ಓಡದಂತೆ ಬೇರೆಯಾಗಿ ಕಳಿಸುವ ಪ್ಯಾರಾಮೀಟರ್ ಬಳಸಿ. ಇಷ್ಟಾದರೂ ಪದವೀಧರರಿಗೆ ಗೊತ್ತಿರಲೇಬೇಕು.

ಕಂಪ್ಯೂಟರ್ ವೃತ್ತಿಪರರ ಸಂಘಟನೆಗಳಾದ ಎಸಿಎಂ ಮತ್ತು ಐಟ್ರಿಪಲ್‌ಇ ಕಂಪ್ಯೂಟರ್ ಸೊಸೈಟಿ 2020ರ ಪಠ್ಯಕ್ರಮ ವರದಿಯಲ್ಲಿ ಸಾಮರ್ಥ್ಯವನ್ನು ಮೂರು ಭಾಗ ಮಾಡಿವೆ: ಜ್ಞಾನ, ಕೌಶಲ, ಮನೋಭಾವ. ಮೂರನೆಯದಕ್ಕೆ ಯಾವ ಸೆಮಿಸ್ಟರ್‌ನಲ್ಲೂ ಪೇಪರ್ ಇರುವುದಿಲ್ಲ, ಅಲ್ವಾ? ಆದರೆ ತಂಡದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ. ಸಿಕ್ಕಿಹಾಕಿಕೊಂಡಾಗ ಮೂರು ದಿನ ಸುಮ್ಮನಿರುವವರಿಗಿಂತ, ಅದೇ ದಿನ "ಇಲ್ಲಿಯವರೆಗೆ ನೋಡಿದೆ, ಇದು ಅರ್ಥವಾಗಲಿಲ್ಲ" ಅನ್ನುವವರ ಮೇಲೆ ನನಗೆ ಭರವಸೆ ಹೆಚ್ಚು.

ಈಗ ಎಐ ಸಲಕರಣೆಗಳು ನಿಮಿಷದಲ್ಲಿ ಕೋಡ್ ಬರೆದುಕೊಡುತ್ತವೆ. ಬಳಸಿ, ನಾನೂ ಬಳಸುತ್ತೇನೆ. ಆದರೆ ಅದು ಕೊಟ್ಟ ಪ್ರತಿ ಸಾಲನ್ನೂ ವಿವರಿಸಲು ನಿಮಗೆ ಬರಬೇಕು. ಅದು ಎಲ್ಲಿ ಮುರಿಯಬಹುದು ಅಂತ ಊಹಿಸಿ ಟೆಸ್ಟ್ ಬರೆಯಲು ಬರಬೇಕು.

ಕೊನೆಯ ವರ್ಷದಲ್ಲಿರುವವರು ಒಂದು ಕೆಲಸ ಮಾಡಿ. ನಿಮ್ಮ ಪ್ರಾಜೆಕ್ಟನ್ನು ಗೆಳೆಯರ ಕೈಗೆ ಕೊಟ್ಟು, ಬರೀ ರೀಡ್‌ಮಿ ಫೈಲ್ (ಓಡಿಸುವ ವಿಧಾನ ಬರೆದಿಟ್ಟ ಫೈಲ್) ನೋಡಿ ಅವರ ಕಂಪ್ಯೂಟರ್‌ನಲ್ಲಿ ಓಡಿಸಲು ಹೇಳಿ. ನೀವು ಪಕ್ಕದಲ್ಲಿ ಕೂತಿರಿ, ಬಾಯಿ ಬಿಡಬೇಡಿ. ಅವರು ಎಲ್ಲೆಲ್ಲಿ ತಡೆದು ನಿಲ್ಲುತ್ತಾರೆ ಅಂತ ಬರೆದುಕೊಂಡು, ಮಾರನೆಯ ದಿನ ಅಲ್ಲಿಂದ ತಿದ್ದಲು ಶುರು ಮಾಡಿ.