ಸ್ಲ್ಯಾಪ್‌ಬ್ಯಾಕ್ ಅಂದರೆ ರಿವರ್ಬ್ ಅಲ್ಲ

ಒಂದು ಗಿಟಾರ್ ಪೆಡಲ್ (ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಜಾಹೀರಾತಿನಲ್ಲಿ ಮತ್ತೆ ಅದೇ ಮಾತು: 'ಸ್ಲ್ಯಾಪ್‌ಬ್ಯಾಕ್ ರಿವರ್ಬ್'. ಪಾಠದ ವಿಡಿಯೊಗಳಲ್ಲೂ ಇದೇ ಕತೆ. ರಾಕಬಿಲಿ (1950ರ ದಶಕದ ಅಮೆರಿಕದ ಶುರುವಿನ ರಾಕ್ ಸಂಗೀತ) ಗಿಟಾರ್ ಸದ್ದು ಬೇಕು ಅಂದ ಕೂಡಲೇ ರಿವರ್ಬ್ ನಾಬ್ ಪೂರ್ತಿ ತಿರುಗಿಸಿ, 'ಇದೇ ಸ್ಲ್ಯಾಪ್‌ಬ್ಯಾಕ್' ಅಂತ ತೋರಿಸುತ್ತಾರೆ. ಕಲಿಯುವವರು ಅದನ್ನೇ ನಂಬುತ್ತಾರೆ. ಆಮೇಲೆ ಎಷ್ಟು ಚೆನ್ನಾಗಿ ನುಡಿಸಿದರೂ ಆ ಸದ್ದು ಬರುವುದಿಲ್ಲ. ಕೈ ಸರಿಯಿಲ್ಲವೇನೋ ಅಂತ ಸುಮ್ನೆ ಕೊರಗುತ್ತಾರೆ.

ಪದವನ್ನೇ ಬಿಡಿಸಿ ನೋಡಿ. ಸ್ಲ್ಯಾಪ್ ಅಂದರೆ ಏಟು. ಬ್ಯಾಕ್ ಅಂದರೆ ವಾಪಸ್. ಉದ್ದನೆಯ ಸಭಾಂಗಣದ ವೇದಿಕೆ ಮೇಲೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಎದುರಿನ ಬರಿಗೋಡೆಗೆ ಬಡಿದು ಅದೇ ಚಪ್ಪಾಳೆ ತಿರುಗಿ ಬರುತ್ತದೆ. ಗೋಡೆ 20 ಮೀಟರ್ ದೂರ ಇದ್ದರೆ ಹೋಗಿ ಬರಲು ಸುಮಾರು 120 ಮಿಲಿಸೆಕೆಂಡ್ ಬೇಕು. ಆ ಒಂದು ವಾಪಸ್ ಏಟೇ ಸ್ಲ್ಯಾಪ್‌ಬ್ಯಾಕ್. ನಮ್ಮಲ್ಲಿ ಇದಕ್ಕೆ ಎಷ್ಟು ಒಳ್ಳೆಯ ಪದ ಇದೆ ನೋಡಿ: ಮಾರ್ದನಿ. ಮಾರ್ನುಡಿ ಅಂದರೆ ಎದುರು ಬರುವ ನುಡಿ, ಉತ್ತರ. ಮಾರ್ದನಿ ಅಂದರೆ ಎದುರಿನಿಂದ ಬರುವ ದನಿ.

ಇನ್ನು ಖಾಲಿ ಕಲ್ಯಾಣ ಮಂಟಪದಲ್ಲಿ ಮಾತಾಡಿದಾಗ ಗೊಂಯ್ ಅಂತ ಉಳಿಯುತ್ತದಲ್ಲ, ಅದು ರಿವರ್ಬ್. ಅಲ್ಲೂ ಸದ್ದು ಗೋಡೆಗಳಿಗೆ ಬಡಿದೇ ಬರುತ್ತದೆ. ಆದರೆ ಸಾವಿರ ಕಡೆಯಿಂದ ಒಂದರ ಮೇಲೊಂದು ಬಂದು ಕಲಸಿಹೋಗುತ್ತದೆ. ಅದನ್ನು ಎಣಿಸಲು ಆಗುವುದಿಲ್ಲ. ಸ್ಲ್ಯಾಪ್‌ಬ್ಯಾಕ್ ಅನ್ನು ಎಣಿಸಬಹುದು. ಲೆಕ್ಕ ಒಂದು. ಗೋಲಗುಂಬಜ್‌ನಲ್ಲಿ ಕೂಗಿದರೂ ಎಣಿಸಬಹುದು, ಆದರೆ ಅಲ್ಲಿ ಲೆಕ್ಕ ಬಹಳ ಜಾಸ್ತಿ. ಅದು ಎಕೋ ಹೌದು, ಸ್ಲ್ಯಾಪ್‌ಬ್ಯಾಕ್ ಅಲ್ಲ.

ರಾಕಬಿಲಿಗೆ ಈ ಸದ್ದು ಅಂಟಿಕೊಂಡಿದ್ದು ಮೆಂಫಿಸ್‌ನಲ್ಲಿ, ಸ್ಯಾಮ್ ಫಿಲಿಪ್ಸ್ ಅವರ ಸನ್ ಸ್ಟುಡಿಯೊದಲ್ಲಿ. ಅಲ್ಲಿ 20 ಮೀಟರ್ ದೂರದ ಗೋಡೆ ಎಲ್ಲಿತ್ತು? ಆ ಕೆಲಸವನ್ನು ಟೇಪ್ ಮಾಡಿತು. ಎರಡನೇ ಆಂಪೆಕ್ಸ್ ಟೇಪ್ ರೆಕಾರ್ಡರ್ ಯಂತ್ರದಲ್ಲಿ ಒಂದು ಹೆಡ್ (ಟೇಪ್ ಮೇಲೆ ಸದ್ದು ಬರೆಯುವ ಅಥವಾ ಓದುವ ಭಾಗ) ಬರೆದದ್ದನ್ನು ಮುಂದಿನ ಹೆಡ್ ಓದಬೇಕು. ನಡುವೆ ಸುಮಾರು 2 ಇಂಚು. ಟೇಪ್ ಓಡುವುದು ಸೆಕೆಂಡಿಗೆ 15 ಇಂಚು. ಭಾಗಿಸಿದರೆ 130 ಮಿಲಿಸೆಕೆಂಡ್ ಆಸುಪಾಸು ಬರುತ್ತದೆ. ಈ ಓದಿದ ಸದ್ದನ್ನು ಮೂಲದ ಜೊತೆ ಬೆರೆಸಿದರು, ಅಷ್ಟೇ. 1954ರ ಜುಲೈನಲ್ಲಿ ಎಲ್ವಿಸ್ ಹಾಡಿದ 'ಬ್ಲೂ ಮೂನ್ ಆಫ್ ಕೆಂಟಕಿ' ಕೇಳಿ. ಡ್ರಮ್ ಇಲ್ಲ, ಇರುವುದು ಮೂರೇ ಜನ. ಆದರೂ ಕೋಣೆ ತುಂಬಿದ ಹಾಗಿದೆ.

ಇಲ್ಲೇ ಇನ್ನೊಂದು ಗೊಂದಲ ಹುಟ್ಟುತ್ತದೆ. ಆ ಮೂವರಲ್ಲಿ ಒಬ್ಬರಾದ ಬಿಲ್ ಬ್ಲ್ಯಾಕ್ ಡಬಲ್ ಬೇಸ್‌ನ ತಂತಿಯನ್ನು ಫಿಂಗರ್‌ಬೋರ್ಡ್‌ಗೆ ಬಡಿದು ಟಕ್ ಟಕ್ ಅನ್ನಿಸುತ್ತಾರೆ. ಅದು ಸ್ಲ್ಯಾಪ್ ಬೇಸ್, ಕೈಯ ಕೆಲಸ. ಸ್ಲ್ಯಾಪ್‌ಬ್ಯಾಕ್ ಯಂತ್ರದ ಕೆಲಸ. ಒಂದೇ ಹಾಡಿನಲ್ಲಿ ಎರಡೂ ಇರುವುದರಿಂದ ಎರಡೂ ಒಂದೇ ಆಗಿಬಿಡುವುದಿಲ್ಲ.

1956ರ ಜನವರಿಯಲ್ಲಿ ಆರ್‌ಸಿಎ ಕಂಪನಿ ನ್ಯಾಶ್‌ವಿಲ್‌ನಲ್ಲಿ ಎಲ್ವಿಸ್ ಅವರ 'ಹಾರ್ಟ್‌ಬ್ರೇಕ್ ಹೋಟೆಲ್' ರೆಕಾರ್ಡ್ ಮಾಡಿದಾಗ ಕಟ್ಟಡದ ಹಜಾರವನ್ನೇ ಎಕೋಗೆ ಬಳಸಿತು. ಸೊಗಸಾದ ಸದ್ದು, ಆದರೆ ಅದು ಹಜಾರದ ಗೊಂಯ್. ಅದನ್ನು ಸ್ಲ್ಯಾಪ್‌ಬ್ಯಾಕ್‌ಗೆ ಉದಾಹರಣೆ ಕೊಡುವವರು ದಯವಿಟ್ಟು ಎರಡು ಹಾಡುಗಳನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಬೇಕು.

ಗಿಟಾರಿಗೇ ಪ್ರತ್ಯೇಕವಾಗಿ ಈ ಎಕೋ ಬಂದದ್ದು ಎಕೋಸಾನಿಕ್ ಅನ್ನುವ ಆಂಪ್‌ನಿಂದ (ಗಿಟಾರ್ ಸದ್ದು ಹೆಚ್ಚಿಸುವ ಯಂತ್ರ). ಇಲಿನಾಯ್ ರಾಜ್ಯದ ಕೈರೋ ಊರಿನ ರೇ ಬಟ್ಸ್ ಆಂಪ್ ಒಳಗೇ ಟೇಪ್ ಎಕೋ ಕೂರಿಸಿದ್ದರು. 1955ರಲ್ಲಿ ಎಲ್ವಿಸ್ ಜೊತೆ ಗಿಟಾರ್ ನುಡಿಸುತ್ತಿದ್ದ ಸ್ಕಾಟಿ ಮೂರ್ ಅದನ್ನು ಕೊಂಡರು. ಸ್ಟುಡಿಯೊದ ಸದ್ದು ವೇದಿಕೆಗೂ ಬಂತು.

ಈಗ ಕೊಳ್ಳುವವರಿಗೆ. ಟೇಪ್ ಎಕೋ ಚೆಂದ, ಆದರೆ ದುಬಾರಿ, ಜೊತೆಗೆ ಸದಾ ಆರೈಕೆ ಬೇಡುತ್ತದೆ. ನನ್ನ ಆಯ್ಕೆ ಅನಲಾಗ್ ಡಿಲೇ, ಅಂದರೆ ಟೇಪ್ ಇಲ್ಲದೆ ಸರ್ಕ್ಯೂಟಿನಿಂದಲೇ ಸದ್ದನ್ನು ತಡಮಾಡಿ ಕೊಡುವ ಪೆಡಲ್. ಬಾಸ್ ಡಿಎಂ-2 ತರಹದ ಪೆಡಲ್ 300 ಮಿಲಿಸೆಕೆಂಡ್‌ವರೆಗೆ ಮಾತ್ರ ಹೋಗುತ್ತದೆ ಅಂತ ಮೂಗು ಮುರಿಯುತ್ತಾರೆ. ನಮಗೆ ಅದರ ಅರ್ಧವೂ ಬೇಡ, ಅಲ್ವಾ? ಮುಖ್ಯ ಸಂಗತಿ ಬೇರೆ. ಅನಲಾಗ್‌ನಲ್ಲಿ ವಾಪಸ್ ಬರುವ ಸದ್ದಿನ ಚೂಪು ತಗ್ಗಿರುತ್ತದೆ, ಟೇಪ್‌ನ ಹಾಗೆ. ಬರೀ ಡಿಜಿಟಲ್ ಡಿಲೇ ಮೂಲದಷ್ಟೇ ಚೂಪಾಗಿ ತಿರುಗಿಸಿ ಕೊಡುತ್ತದೆ. ವೇಗವಾಗಿ ನುಡಿಸುವಾಗ ಎರಡು ಪಿಕ್ ಏಟುಗಳು ಒಂದನ್ನೊಂದು ತುಳಿಯುತ್ತವೆ. ಡಿಜಿಟಲ್ ಇದ್ದರೆ ಟೋನ್ ನಾಬ್ ಇರುವುದನ್ನೇ ಆರಿಸಿ, ಟ್ರೆಬಲ್ ಇಳಿಸಿ.

ಸಮಯ 100ರಿಂದ 140 ಮಿಲಿಸೆಕೆಂಡ್. ಮಿಕ್ಸ್, ಅಂದರೆ ವಾಪಸ್ ಸದ್ದಿನ ಮಟ್ಟ, ಮೂಲಕ್ಕಿಂತ ಸ್ವಲ್ಪ ಕೆಳಗೆ. ರಿವರ್ಬ್ ಸೊನ್ನೆ. ಅಂಗೈಯಿಂದ ತಂತಿ ಮುಚ್ಚಿ ಒಂದು ಸಲ ಮೀಟಿ. ಟಕ್-ಟಕ್ ಅಂತ ಎರಡು ಕೇಳಿಸಬೇಕು. ಮೂರನೇ ಟಕ್ ಕೇಳಿಸಿದರೆ ರಿಪೀಟ್ ನಾಬ್ ಇನ್ನೂ ಇಳಿಸಿ.