ಎರಡನೇ ಟ್ಯಾಂಕಿಗೆ ತಿರುಗಿಸಿದರೆ ಮೊದಲನೇ ಟ್ಯಾಂಕ್ ಯಾಕೆ ಉಕ್ಕುತ್ತೆ?

ಓದುಗರ ಪ್ರಶ್ನೆ: ಕೋಲಾರದ ಮಾರುಕಟ್ಟೆಯಿಂದ ಚೆನ್ನೈಗೆ ಟೊಮ್ಯಾಟೊ ಹೊಡೆಯೋ ಡೀಸೆಲ್ ಪಿಕಪ್ ನನ್ನದು. ಆಂಧ್ರದ ಗಡಿಯಲ್ಲಿರೋ ನಂಗಲಿ ದಾಟಿದರೆ ಡೀಸೆಲ್ ದುಬಾರಿ ಅಂತ 40 ಲೀಟರಿನ ಇನ್ನೊಂದು ಟ್ಯಾಂಕ್ ಹಾಕಿಸಿದೆ. ಯಾವ ಟ್ಯಾಂಕಿಂದ ಬೇಕೋ ಅದಕ್ಕೆ ತಿರುಗಿಸೋಕೆ ಒಂದು ವಾಲ್ವ್ ಇದೆ. ಎರಡನೇ ಟ್ಯಾಂಕಿಗೆ ತಿರುಗಿಸಿ ಒಂದು ಗಂಟೆ ಓಡಿಸಿದರೆ ಮೊದಲನೇದರ ಮುಚ್ಚಳದಿಂದ ಡೀಸೆಲ್ ಸುರಿಯುತ್ತೆ. ಮುಚ್ಚಳ ಎರಡು ಸಲ ಬದಲಾಯಿಸಿದ್ದಾಯ್ತು. ಏನು ಮಾಡಲಿ?

ಉತ್ತರ: ಮುಚ್ಚಳದ್ದು ತಪ್ಪಿಲ್ಲ, ಮೂರನೇ ಸಲ ಬದಲಾಯಿಸಬೇಡಿ. ನಿಮ್ಮ ವಾಲ್ವ್ ಡೀಸೆಲ್ ಎಳೆಯುವ ಪೈಪನ್ನು ಮಾತ್ರ ತಿರುಗಿಸುತ್ತಿದೆ. ಎಂಜಿನ್ನಿಂದ ವಾಪಸ್ ಬರುವ ಪೈಪು, ಅಂದರೆ ರಿಟರ್ನ್ ಲೈನ್, ಈಗಲೂ ಮೊದಲನೇ ಟ್ಯಾಂಕಿಗೇ ಹೋಗುತ್ತಿದೆ.

ಡೀಸೆಲ್ ಎಂಜಿನ್ ತಾನು ಎಳೆದುಕೊಂಡಿದ್ದನ್ನೆಲ್ಲ ಸುಡುವುದಿಲ್ಲ. ಕಾಮನ್ ರೈಲ್ ಎಂಜಿನ್ನಿನಲ್ಲಿ (ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಹೆಚ್ಚು ಒತ್ತಡದ ಡೀಸೆಲ್ ಹೋಗುವ ಬಗೆ) ಹೈ ಪ್ರೆಷರ್ ಪಂಪಿನ ನಯಕ್ಕೂ ತಂಪಿಗೂ ಡೀಸೆಲ್ಲೇ ಬೇಕು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದು ಮುಚ್ಚುವುದಕ್ಕೂ ಅದೇ ಬೇಕು. ಆ ಕೆಲಸ ಮುಗಿಸಿದ ಡೀಸೆಲ್ ಬಿಸಿಯಾಗಿ ಟ್ಯಾಂಕಿಗೆ ಮರಳುತ್ತದೆ. ಲೆಕ್ಕಕ್ಕೆಂದು ಹೀಗೆ ಹಿಡಿಯಿರಿ: ಗಂಟೆಗೆ 30 ಲೀಟರ್ ಎಳೆದು 5 ಲೀಟರ್ ಸುಟ್ಟರೆ 25 ಲೀಟರ್ ವಾಪಸ್. ಮುಳಬಾಗಿಲಿನಲ್ಲಿ ತುಂಬಿಸಿಕೊಂಡು ಹೊರಟ ಮೊದಲನೇ ಟ್ಯಾಂಕಿಗೆ ಈ 25 ಲೀಟರ್ ಎಲ್ಲಿ ಹಿಡಿಸೀತು? ಚಿತ್ತೂರು ಬರುವ ಮೊದಲೇ ಉಕ್ಕಲೇಬೇಕು. ಇತ್ತ 40 ಲೀಟರಿನ ಎರಡನೇ ಟ್ಯಾಂಕು 80 ನಿಮಿಷಕ್ಕೆ ಬರಿದಾಗುತ್ತದೆ. ಬರಿದಾದರೆ ಪಂಪು ಗಾಳಿ ಎಳೆಯುತ್ತದೆ. ನಯಕ್ಕೆ ಡೀಸೆಲ್ ಸಿಗದ ಹೈ ಪ್ರೆಷರ್ ಪಂಪು ಸವೆದು ಲೋಹದ ಪುಡಿ ಬಿಟ್ಟರೆ ಇಂಜೆಕ್ಟರುಗಳೂ ಜೊತೆಗೇ ಹೋಗುತ್ತವೆ. ಮೊಗಿಲಿ ಘಾಟಿನ ಇಳಿಜಾರಿನಲ್ಲಿ ಚೆಲ್ಲಿದ ಡೀಸೆಲ್ ಮೇಲೆ ಹಿಂದೆ ಬರುವ ಬೈಕಿನವರು ಜಾರಿ ಬಿದ್ದರೆ ಜೀವಕ್ಕೇ ಅಪಾಯ. ಸರಿಪಡಿಸುವವರೆಗೆ ಎರಡನೇ ಟ್ಯಾಂಕಿಗೆ ತಿರುಗಿಸಲೇಬೇಡಿ.

ನಾವು ಹೇಳಿದ್ದು ನಿಜವೋ ಅಲ್ಲವೋ ನೀವೇ ನೋಡಿಕೊಳ್ಳಬಹುದು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮೊದಲನೇ ಟ್ಯಾಂಕು ಅರ್ಧ ಮಾತ್ರ ಇರಲಿ. ಒಣಗಿದ ಶುದ್ಧ ಕಡ್ಡಿ ಇಳಿಬಿಟ್ಟು ಒದ್ದೆಯಾದ ಕಡೆ ಗುರುತು ಹಾಕಿ. ಎರಡನೇ ಟ್ಯಾಂಕಿಗೆ ತಿರುಗಿಸಿ ಎಂಜಿನ್ನನ್ನು 20 ನಿಮಿಷ ಸುಮ್ಮನೆ ಓಡಲು ಬಿಡಿ. ಮತ್ತೆ ಅದೇ ಕಡ್ಡಿ ಇಳಿಬಿಡಿ. ಒದ್ದೆ ಹಳೆಯ ಗುರುತಿಗಿಂತ ಮೇಲೆ ಬಂದಿದ್ದರೆ ರಿಟರ್ನ್ ಅಲ್ಲಿಗೇ ಬರುತ್ತಿದೆ.

ಸರಿಪಡಿಸಲು ಎರಡು ದಾರಿ ಇದೆ. ಒಂದು, ಆರು ಬಾಯಿಯ ಮೋಟಾರ್ ವಾಲ್ವ್. ಒಂದೊಂದು ಟ್ಯಾಂಕಿನಿಂದ ಎರಡೆರಡು ಪೈಪು, ಎಂಜಿನ್ನಿಗೆ ಎರಡು. ಒಂದೇ ಸ್ವಿಚ್ಚಿಗೆ ಎಳೆಯುವ ಪೈಪೂ ರಿಟರ್ನೂ ಒಟ್ಟಿಗೆ ತಿರುಗುತ್ತವೆ. ದುಡ್ಡು ಉಳಿಸಲು ಎರಡು ಬೇರೆ ಬೇರೆ ಕೈ ವಾಲ್ವ್ ಹಾಕಿಸುವವರಿದ್ದಾರೆ. ಅದು ಬೇಡವೇ ಬೇಡ. ರಾತ್ರಿ ನಿದ್ದೆಗಣ್ಣಿನಲ್ಲಿ ಡ್ರೈವರ್ ಒಂದನ್ನು ತಿರುಗಿಸಿ ಇನ್ನೊಂದನ್ನು ಮರೆತರೆ ಈಗಿನ ಕಥೆಯೇ ಮತ್ತೆ. ವಾಲ್ವ್ ಅರ್ಧದಲ್ಲಿ ನಿಂತು ರಿಟರ್ನ್ ಪೂರ್ತಿ ಮುಚ್ಚಿಕೊಂಡರಂತೂ ಒತ್ತಡ ಹಿಂದಕ್ಕೆ ಇಂಜೆಕ್ಟರಿನವರೆಗೆ ಹೋಗಿ ಸೀಲು, ಪೈಪು ಕಿತ್ತುಕೊಳ್ಳುತ್ತವೆ.

ಇನ್ನೊಂದು ದಾರಿ, ನಾವು ನಿಮಗೆ ಹೇಳುವುದೂ ಇದನ್ನೇ: ಕಂಪನಿ ಕೊಟ್ಟ ಟ್ಯಾಂಕು, ಅದರ ಎರಡೂ ಪೈಪು ಮೊದಲಿದ್ದಂತೆಯೇ ಇರಲಿ. ಎರಡನೇ ಟ್ಯಾಂಕು ಬರೀ ಉಗ್ರಾಣ. ಅಲ್ಲಿಂದ ಚಿಕ್ಕದೊಂದು 12 ವೋಲ್ಟ್ ಡೀಸೆಲ್ ಪಂಪು ಮೊದಲನೇ ಟ್ಯಾಂಕಿಗೆ ಸುರಿಯುತ್ತದೆ. ಇದರಲ್ಲಿ ಏನೇ ಕೆಟ್ಟರೂ ಎಂಜಿನ್ ನಿಲ್ಲುವುದಿಲ್ಲ; ಹೆಚ್ಚೆಂದರೆ ಆ 40 ಲೀಟರ್ ಬಳಕೆಗೆ ಸಿಗುವುದಿಲ್ಲ, ಅಷ್ಟೇ. ಪಂಪಿನ ಪೈಪನ್ನು ಡೀಸೆಲ್ ಹಾಕಿಸುವ ಬಾಯಿಯಿಂದ ಟ್ಯಾಂಕಿಗಿಳಿಯುವ ರಬ್ಬರ್ ಹೋಸಿಗೆ ಲೋಹದ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಸೇರಿಸಬೇಕು. ರಿಟರ್ನ್ ಲೈನಿಗೆ ಸೇರಿಸುವುದು ಸುಲಭ, ಆದರೆ ಪಂಪು ತಳ್ಳುವ ಒತ್ತಡ ಇಂಜೆಕ್ಟರಿನ ಕಡೆಗೂ ಹೋಗುತ್ತದೆ. ಪಂಪಿಗೆ ಮುಂಚೆ ಒಂದು ಸಣ್ಣ ಫಿಲ್ಟರ್ ಇರಲಿ. ಪಂಪು ನಿಂತ ಮೇಲೂ ಎತ್ತರದ ಟ್ಯಾಂಕಿನಿಂದ ತಗ್ಗಿನದಕ್ಕೆ ಡೀಸೆಲ್ ತಾನಾಗಿ ಇಳಿಯುತ್ತದೆ, ಅದಕ್ಕೆ ಪಂಪಿನ ಜೊತೆಗೇ ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಬೇಕು. ಕರೆಂಟು ಇಗ್ನಿಷನ್ನಿನಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಹಾಯಿಸುವ ಸ್ವಿಚ್) ಮೂಲಕ ಬರಲಿ, ಫ್ಯೂಸು ಬ್ಯಾಟರಿಯ ಹತ್ತಿರವೇ ಇರಲಿ. ಸ್ವಿಚ್ಚಿನ ಬದಲು ಟೈಮರ್ ಹಾಕಿಸಿ: ಪಂಪು ನಿಮಿಷಕ್ಕೆ 2 ಲೀಟರ್ ಕೊಟ್ಟರೆ 10 ನಿಮಿಷಕ್ಕೆ 20 ಲೀಟರ್, ಆಮೇಲೆ ತಾನೇ ನಿಲ್ಲುತ್ತದೆ. ಮೀಟರ್ ಅರ್ಧಕ್ಕಿಂತ ಕೆಳಗಿಳಿಯದೆ ಒತ್ತಬಾರದು.

ಎರಡು ಟ್ಯಾಂಕಿನ ತಳವನ್ನೂ ಒಂದು ಪೈಪಿನಿಂದ ಜೋಡಿಸಿದರೆ ಪಂಪೇ ಬೇಡವಲ್ಲ ಎನ್ನುತ್ತಾರೆ. ತಳದಲ್ಲಿರುವ ಆ ಪೈಪಿಗೆ ಕಲ್ಲು ತಾಗಿದರೆ ಎರಡೂ ಟ್ಯಾಂಕು ರಸ್ತೆಗೆ ಖಾಲಿಯಾಗುತ್ತವೆ.

ಟ್ಯಾಂಕಿನ ವಿಷಯ. ಜಿಐ ಶೀಟಿನದ್ದು (ಸತುವಿನ ಲೇಪದ ತಗಡು), ತಾಮ್ರದ ಪೈಪು ಬಳಸಿದ್ದು ಆದರೆ ಕಿತ್ತುಹಾಕಿ. ಸತು ಡೀಸೆಲ್ಲಿನಲ್ಲಿ ಕರಗಿ ಇಂಜೆಕ್ಟರಿನ ತುದಿಯಲ್ಲಿ ಕಟ್ಟಿಕೊಳ್ಳುತ್ತದೆ, ತಾಮ್ರ ಡೀಸೆಲ್ಲನ್ನು ಬೇಗ ಕೆಡಿಸಿ ಅಂಟು ಮಾಡುತ್ತದೆ. ಅಲ್ಯೂಮಿನಿಯಂ ಅಥವಾ ಒಳಗೆ ಸತುವಿನ ಲೇಪವಿಲ್ಲದ ಉಕ್ಕು ಆಗಬಹುದು. ಒಳಗೆ ತೂತುಗಳಿರುವ ಅಡ್ಡ ತಗಡು ಇರಬೇಕು. ಇಲ್ಲದಿದ್ದರೆ ಬ್ರೇಕ್ ಹಾಕಿದಾಗಲೆಲ್ಲ ಡೀಸೆಲ್ ಒಂದೇ ಕಡೆಗೆ ಬಡಿದು ವೆಲ್ಡಿಂಗ್ ಬಿರುಕು ಬಿಡುತ್ತದೆ. ಎಳೆಯುವ ಪೈಪಿನ ತುದಿ ತಳದಿಂದ 15ರಿಂದ 20 ಮಿ.ಮೀ. ಮೇಲಿದ್ದರೆ ನೀರು, ಕಸ ಒಳಗೆ ಬರುವುದಿಲ್ಲ. ಸೈಲೆನ್ಸರ್ ಇರುವ ಕಡೆ ಟ್ಯಾಂಕು ಬೇಡ. ಚಾಸಿಗೆ ವೆಲ್ಡ್ ಮಾಡದೆ ರಬ್ಬರ್ ಪಟ್ಟಿ ಕೊಟ್ಟು ಬೆಲ್ಟ್ ಬಿಗಿಸಿ. ಬಳಸಿದ ಟ್ಯಾಂಕಿಗೆ ತೇಪೆ ಹಾಕಿಸಲು ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯುತ್ತದೆ.

ಗಾಳಿಯಾಡುವ ಪೈಪು ಎರಡಕ್ಕೂ ಬೇರೆ ಬೇರೆ ಇರಬೇಕು. ಅದು ಧೂಳಿನಿಂದ ಕಟ್ಟಿಕೊಂಡರೆ ಪಂಪು ಡೀಸೆಲ್ ಎಳೆಯಲಾರದು. ಮುಚ್ಚಳ ತಿರುಗಿಸುತ್ತಿದ್ದಂತೆ ಸುಯ್ ಎಂದು ಗಾಳಿ ಒಳಗೆ ನುಗ್ಗಿದರೆ ಕಟ್ಟಿದೆ ಎಂದೇ ಅರ್ಥ. ಕಂಠಮಟ್ಟ ತುಂಬಿಸುವುದೂ ಸಲ್ಲ: ಬೆಳಗಿನ ಜಾವ 20 ಡಿಗ್ರಿಯಲ್ಲಿ ಹಾಕಿಸಿದ 40 ಲೀಟರ್ ಮಧ್ಯಾಹ್ನ 45 ಡಿಗ್ರಿಗೆ ಕಾದರೆ ಸುಮಾರು 0.8 ಲೀಟರ್ ಹಿಗ್ಗುತ್ತದೆ.

ಇದೆಲ್ಲಕ್ಕೂ ಮುಂಚೆ ಕಾನೂನು ನೋಡಿಕೊಳ್ಳಬೇಕಿತ್ತು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಖಾಲಿ ಗಾಡಿಯ ತೂಕವೂ ಆರ್‌ಸಿಯಲ್ಲಿದೆ, ಟ್ಯಾಂಕು ಅದನ್ನು ಹೆಚ್ಚಿಸುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಒಂದೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕೋಲಾರದ ಆರ್‌ಟಿಒ ಕಚೇರಿಗೆ ಟ್ಯಾಂಕಿನ ಅಳತೆ, ಕೂರಿಸುವ ಜಾಗದ ನಕ್ಷೆ ಕೊಟ್ಟು ಲಿಖಿತವಾಗಿ ಕೇಳಿ. ವಿಮೆ ಕಂಪನಿಗೂ ಬರೆದು ತಿಳಿಸಿ. ಆಗುವುದಿಲ್ಲ ಎಂದರೆ ಟ್ಯಾಂಕು ಬಿಚ್ಚಿಸುವುದೇ ಸರಿ.

ಬಿಚ್ಚಿಸಿದರೂ ನಿಮಗೆ ದೊಡ್ಡ ನಷ್ಟವೇನಿಲ್ಲ. ಚೆನ್ನೈಗೆ ಹೋಗಿಬರಲು ಸುಮಾರು 550 ಕಿ.ಮೀ.; ಲೀಟರಿಗೆ 11 ಕಿ.ಮೀ. ಕೊಟ್ಟರೆ 50 ಲೀಟರ್ ಸಾಕು. ಕಂಪನಿ ಟ್ಯಾಂಕು 60 ಲೀಟರಿನದ್ದಾದರೆ ಅದೇ ಧಾರಾಳ. 40 ಲೀಟರ್ ಡೀಸೆಲ್ ಎಂದರೆ 33 ಕಿಲೋ, ಟ್ಯಾಂಕು ಬ್ರಾಕೆಟ್ ಸೇರಿ 45 ಕಿಲೋ ಹತ್ತಿರ. ಪ್ರತಿ ಟ್ರಿಪ್ಪಿನಲ್ಲೂ 15 ಕಿಲೋದ ಮೂರು ಬಾಕ್ಸ್ ಟೊಮ್ಯಾಟೊ ಕಡಿಮೆ ಹತ್ತಿಸಬೇಕು.

ಅನುಮತಿ ಸಿಕ್ಕಿ ಕೆಲಸ ಮಾಡಿಸಿದರೆ, ಮೊದಲ 100 ಕಿ.ಮೀ. ಓಡಿದ ಮೇಲೆ ಎಲ್ಲ ಕ್ಲಿಪ್‌ಗಳನ್ನೂ ಮತ್ತೊಮ್ಮೆ ಬಿಗಿ ಮಾಡಿಸಿ. ಆ ರಾತ್ರಿ ಟ್ಯಾಂಕಿನಡಿ ಟೊಮ್ಯಾಟೊ ಬಾಕ್ಸಿನಗಲದ ರಟ್ಟು ಹಾಸಿಡಿ. ಬೆಳಗ್ಗೆ ಒಂದು ರೂಪಾಯಿ ನಾಣ್ಯದಷ್ಟು ಕಲೆ ಕಂಡರೂ, ಲೋಡು ಹತ್ತಿಸುವ ಮುಂಚೆ ಆ ಕ್ಲಿಪ್ ಬಿಚ್ಚಿ, ಹೋಸಿನ ತುದಿ ಅರ್ಧ ಇಂಚು ಕತ್ತರಿಸಿ ಮತ್ತೆ ಕೂರಿಸಿ.