ಎದೆಬಡಿತದ ಲೆಕ್ಕ ಮುಗಿಯಿತು ಅಂತ ಹ್ಯಾಮ್‌ಸ್ಟರ್ ಸಾಯುವುದಿಲ್ಲ

ಅಕ್ಕನ ಮಗಳು ಸಾಕಿರುವ ಡ್ವಾರ್ಫ್ ಹ್ಯಾಮ್‌ಸ್ಟರ್‌ಗೆ, ಅಂದರೆ ಇಲಿಯಂಥ ಪುಟಾಣಿ ಸಾಕುಪ್ರಾಣಿಗೆ, ಎರಡು ವರ್ಷ ತುಂಬಿತು. ಬೆನ್ನಿನ ಕೂದಲು ತೆಳ್ಳಗಾಗಿದೆ. ಸೂರ್ಯಕಾಂತಿ ಬೀಜಗಳನ್ನು ಕೆನ್ನೆಯೊಳಗೆ ತುರುಕಿಕೊಂಡು ಹೊರಟರೆ ಅರ್ಧ ದಾರಿಯಲ್ಲೇ ಕೂತು ಸುಧಾರಿಸಿಕೊಳ್ಳುತ್ತದೆ. "ಇಷ್ಟು ಬೇಗ ಮುದಿಯಾಯ್ತಾ ಮಾಮ?" ಅಂದಳು. ಪಕ್ಕದಲ್ಲಿದ್ದವರು, "ಪ್ರತಿ ಪ್ರಾಣಿಗೂ ಇಷ್ಟೇ ಎದೆಬಡಿತ ಅಂತ ಇರುತ್ತೆ, ಇದರದ್ದು ಬೇಗ ಬೇಗ ಬಡಿದು ಮುಗಿಯುತ್ತೆ" ಅಂದುಬಿಟ್ಟರು. ಈ ಮಾತು ಕೇಳಿದರೆ ನನಗೆ ಸುಮ್ನೆ ಇರೋಕೆ ಆಗಲ್ಲ.

ಹಳೇ ಕಥೆ ಇದು. ಬೇಗ ಉರಿಯುವ ದೇಹ ಬೇಗ ಆರುತ್ತದೆ ಎಂಬ ಲೆಕ್ಕ ಹಾಕಿದ್ದು 1908ರಲ್ಲಿ ಜರ್ಮನಿಯ ವಿಜ್ಞಾನಿ ಮ್ಯಾಕ್ಸ್ ರುಬ್ನರ್. 1928ರಲ್ಲಿ ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್ ಅದನ್ನು ಇನ್ನಷ್ಟು ಬೆಳೆಸಿದರು. ಮೈ ಪುಟ್ಟದಾದಷ್ಟೂ ಎದೆಬಡಿತ ಜೋರು, ಹಾಗಾದರೆ ಪುಟ್ಟದ್ದೇ ಬೇಗ ಸಾಯಬೇಕಲ್ಲ? ಆದರೆ ಡ್ವಾರ್ಫ್ ಹ್ಯಾಮ್‌ಸ್ಟರ್ ಜಾತಿಗಳಲ್ಲೇ ನೋಡಿ. ಎಲ್ಲಕ್ಕಿಂತ ಪುಟ್ಟದು ರೊಬೊರೊವ್ಸ್ಕಿ, ತೂಕ 20-25 ಗ್ರಾಂ. ಮೂರು ವರ್ಷದವರೆಗೂ ಬದುಕುವುದು ಅದೇ! ಅದಕ್ಕಿಂತ ದಪ್ಪಗಿರುವ ವಿಂಟರ್ ವೈಟ್ ಮತ್ತು ಕ್ಯಾಂಪ್‌ಬೆಲ್ ಒಂದೂವರೆ, ಎರಡು ವರ್ಷಕ್ಕೇ ಹೋಗುತ್ತವೆ. ವಿಂಟರ್ ವೈಟ್‌ನ ತವರು ಸೈಬೀರಿಯಾ. ಅದೇ ಸೈಬೀರಿಯಾದಲ್ಲಿ ಕಾಲಿಗೆ ಗುರುತಿನ ಬಳೆ ತೊಡಿಸಿ ಬಿಟ್ಟಿದ್ದ ಬ್ರಾಂಟ್ ಬಾವಲಿಯೊಂದು 41 ವರ್ಷದ ನಂತರ ಜೀವಂತ ಸಿಕ್ಕಿತು. ಅದರ ತೂಕ ಬರೀ ಏಳು ಗ್ರಾಂ ಆಸುಪಾಸು. ಹಾರುವಾಗ ಅದರ ಎದೆಯೇನು ನಿಧಾನಕ್ಕೆ ಬಡಿಯುತ್ತದಾ?

ನನಗೆ ಒಪ್ಪಿಗೆಯಾಗುವ ಉತ್ತರಕ್ಕೆ ಬುನಾದಿ ಹಾಕಿದ್ದು 1951ರಲ್ಲಿ ಲಂಡನ್ನಿನಲ್ಲಿ ಜೀವವಿಜ್ಞಾನಿ ಪೀಟರ್ ಮೆಡವಾರ್. ಮೂರು ದಿನದ ಮದುವೆ ಚಪ್ಪರಕ್ಕೆ ಯಾರಾದರೂ ಕಲ್ಲಿನ ತಳಪಾಯ ಹಾಕುತ್ತಾರಾ? ವರ್ಷಕ್ಕೆ ಖಾಲಿ ಮಾಡುವ ಬಾಡಿಗೆ ಮನೆಗೆ ನಾವೇ ದುಡ್ಡು ಕೊಟ್ಟು ಟೈಲ್ಸ್ ಹಾಕಿಸುತ್ತೇವಾ? ಹುಲ್ಲುಗಾವಲಿನ ಹ್ಯಾಮ್‌ಸ್ಟರ್ ಇವತ್ತಲ್ಲ ನಾಳೆ ಗೂಬೆಗೋ ನರಿಗೋ ಸಿಗುತ್ತದೆ, ಇಲ್ಲ ಚಳಿಗೆ ಸಾಯುತ್ತದೆ. ಮೂರನೇ ವರ್ಷದಲ್ಲಿ ಕಾಡುವ ಜೀನ್ ಒಂದಿದ್ದರೂ ಅದು ಕಾಡುವ ಹೊತ್ತಿಗೆ ಪ್ರಾಣಿಯೇ ಇರುವುದಿಲ್ಲ, ಮರಿಗಳು ಮಾತ್ರ ಆಗಲೇ ಹುಟ್ಟಿರುತ್ತವೆ. ಹಾಗಾಗಿ ಆ ಜೀನ್ ನಿಸರ್ಗದ ಆಯ್ಕೆಯ ಜರಡಿಗೆ ಸಿಗದೆ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಲೇ ಇರುತ್ತದೆ. ದೇಹವನ್ನು ರಿಪೇರಿ ಮಾಡುವುದಕ್ಕಿಂತ ಬೇಗ ಮರಿ ಹಾಕುವುದೇ ಹ್ಯಾಮ್‌ಸ್ಟರ್‌ಗೆ ಲಾಭ. ಬಾವಲಿ ಹಾರಿ ತಪ್ಪಿಸಿಕೊಳ್ಳುತ್ತದೆ, ಅದಕ್ಕೆ ರಿಪೇರಿ ಗಿಟ್ಟುತ್ತದೆ.

ನಮ್ಮ ಮನೆಯಲ್ಲಿ ಗೂಬೆ ಇಲ್ಲ ನಿಜ, ಆದರೆ ಜೀನ್ ಹಳೆಯದೇ ಅಲ್ವಾ? ಇರುವ ಆಯಸ್ಸನ್ನು ನಾವು ಕಡಿಮೆ ಮಾಡದಿದ್ದರೆ ಸಾಕು. ಕ್ಯಾಂಪ್‌ಬೆಲ್‌ಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ, ಬಾಳೆಹಣ್ಣು, ದ್ರಾಕ್ಷಿ ಕೊಡುವ ಅಭ್ಯಾಸ ಬಿಡಿ. ಮೇ ತಿಂಗಳಲ್ಲಿ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಪಂಜರ ಇಡಲೇಬೇಡಿ. ಚಕ್ರ ಚಿಕ್ಕದಾದರೆ ಓಡುವಾಗ ಬೆನ್ನು ಬಾಗುತ್ತದೆ, 20 ಸೆಂಟಿಮೀಟರ್ ಆದರೂ ಇರಲಿ. ಇನ್ನೊಂದು, ಚಳಿಯಲ್ಲಿ ತಣ್ಣಗೆ ಮುದುಡಿ ಬಿದ್ದಿದ್ದರೆ ಸತ್ತೇಹೋಯಿತು ಅಂತ ಹೂಳಲು ಹೋಗಬೇಡಿ. ಮೈ ಬಿಸಿ ಇಳಿಸಿಕೊಂಡು ಮರಗಟ್ಟಿದಂತೆ ಮಲಗುವುದು ಇವಕ್ಕೆ ಗೊತ್ತು. ಅಂಗೈಯಲ್ಲಿಟ್ಟು ನಿಧಾನಕ್ಕೆ ಬೆಚ್ಚಗೆ ಮಾಡಿ, ಮೀಸೆ ಅಲುಗುತ್ತದಾ ನೋಡಿ, ಆಮೇಲೆ ಡಾಕ್ಟರ ಹತ್ತಿರ ಒಯ್ಯಿರಿ.

ಅಕ್ಕನ ಮಗಳು ಈಗ ಬೀಜದ ಬಟ್ಟಲನ್ನು ಗೂಡಿನ ಬಾಗಿಲಿಗೇ ಸರಿಸಿದ್ದಾಳೆ, ಅದು ಜಾಸ್ತಿ ದೂರ ನಡೆಯದಿರಲಿ ಅಂತ.